ಮೊಲದ ರಕ್ತ, ಮೊದಲ ಪಂಕ್ತಿ

ಎಂಬತ್ತರ ದಶಕದ ಕೊನೆಯ ವರ್ಷಗಳು. ಅಕ್ಕನ ಕೂಸಿನ ತೊಟ್ಟಿಲ ಕಾರ್ಯಕ್ಕೆಂದು ಧಾರವಾಡದಿಂದ ಇಳಕಲ್ಲಿಗೆ ಬಂದಿದ್ದೆ. ಸೋತು ಬಂದಿದ್ದೆ ಎನ್ನುವುದೇ ಸರಿ.

ಜೀವಕೋಶದೊಳಗೆ ವಂಶವಾಹಿಯ ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ, ನಮ್ಮ ಮನೆಯ ಮಗ್ಗದ ಕಂಡಿಕೆಗೆ ನೂಲು ಸುತ್ತಿದ ಹಾಗೆ. ಕೆಲವು ಹಿಸ್ಟೋನುಗಳ ಮೇಲೆ ಅಸಿಟೈಲ್ ಎಂಬ ಪುಟ್ಟ ಗುರುತು ಇರುತ್ತದೆ. ಆ ಗುರುತನ್ನು ಮಾತ್ರ ಹಿಡಿಯುವ ಪ್ರತಿಕಾಯ ನನ್ನ ಸಂಶೋಧನೆಗೆ ಬೇಕಿತ್ತು. ಗುರುತಿರುವ ಹಿಸ್ಟೋನನ್ನು ಮೊಲಕ್ಕೆ ಚುಚ್ಚಿ, ತಿಂಗಳುಗಟ್ಟಲೆ ಕಾದು, ಅದರ ಕಿವಿಯಿಂದ ರಕ್ತ ತೆಗೆದು, ಪ್ರತಿಕಾಯಗಳಿರುವ ತಿಳಿಯನ್ನು, ಅಂದರೆ ಸೀರಂ ಅನ್ನು, ಬೇರ್ಪಡಿಸಿದ್ದೆ. ಆ ಹಾಳು ಸೀರಂ ಗುರುತಿದ್ದದ್ದಕ್ಕೂ ಅಂಟುತ್ತಿತ್ತು, ಇಲ್ಲದ್ದಕ್ಕೂ ಅಂಟುತ್ತಿತ್ತು. ಈ ವರ್ಷ ಆಗದಿದ್ದರೆ ಓದು ಸಾಕು, ಮನೆಗೆ ಬಾ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ಊಟದ ಹೊತ್ತಿಗೆ ಅಂಗಳ ಗಿಜಿಗುಡುತ್ತಿತ್ತು. ಬಡಿಸುವವರಿಗೆ ಅಜ್ಜಿ ಜೋರು ಮಾಡಿದಳು: "ಬರೇ ಉಣ್ಣಾಕ ಬಂದವರನ್ನ ಮೊದ್ಲ ಕುಂದ್ರಸ್ರಿ. ಹೊಟ್ಟಿ ತುಂಬಿದ್ರ ಎದ್ದು ಹೊಕ್ಕಾರ. ಕೂಸಿನ್ನ ನೋಡಾಕ ಬಂದವರು ಎಲ್ಲಿ ಹೊಕ್ಕಾರ, ಕುಂತಿರ್ತಾರ."

ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕಂಬಕ್ಕೆ ಒರಗಿದೆ. ಪಕ್ಕದ ಮನೆಯ ಮಗ್ಗದ ಸದ್ದು, ಗೋಧಿ ಹುಗ್ಗಿಯ ವಾಸನೆ. ಕಣ್ಣು ಎಳೆಯಿತು. ಪಂಕ್ತಿಯಲ್ಲಿ ನನ್ನ ಪ್ರತಿಕಾಯಗಳು ಕೂತಿದ್ದವು. ನಾನು ಗುರುತಿಲ್ಲದ ಹಿಸ್ಟೋನನ್ನು ಎಲೆಗೆಲ್ಲ ಬಡಿಸುತ್ತ ಹೋದೆ. ಉಂಡವು ಅದಕ್ಕೇ ಅಂಟಿಕೊಂಡು ಮೆಲ್ಲಗೆ ತಳಕ್ಕಿಳಿದವು. ಕೆಲವು ಎಲೆ ಮುಟ್ಟದೆ ಬಾಗಿಲು ನೋಡುತ್ತ ಕೂತೇ ಇದ್ದವು. ಗುರುತನ್ನು ಹುಡುಕಿ ಬಂದವು ಅವು. ಅವನ್ನಷ್ಟೇ ಇಟ್ಟುಕೊಂಡರೆ ಸಾಕಲ್ಲ! ಈ ಉಪಾಯ ಪುಸ್ತಕದಲ್ಲೂ ಇತ್ತು, ನಾನು ಓದಿಯೂ ಇದ್ದೆ. ಕಣ್ಣಿಗೆ ಕಂಡದ್ದು ಮಾತ್ರ ಅವತ್ತು.

ಎಚ್ಚರಾದಾಗ ಅಂಗಳ ಖಾಲಿಯಾಗಿತ್ತು. ಅಪ್ಪ ಒಬ್ಬನೇ ಉಣ್ಣದೆ ನನಗಾಗಿ ಕಾಯುತ್ತಿದ್ದ.

"ಅಪ್ಪಾ, ಇನ್ನೊಮ್ಮಿ ಹೋಗಿ ನೋಡ್ತೇನಿ."

ಅವನು ನನ್ನ ಮುಂದೆ ಎಲೆ ಹಾಸಿದ. "ಆ ಮೊಲ ಜೀವಂತ ಐತೇನು?"

"ಐತಿ."

"ಹಂಗಾರ ಹೋಗು. ಮೊದ್ಲ ಉಣ್ಣು."

ಧಾರವಾಡದಲ್ಲಿ ಹಾಗೇ ಮಾಡಿದೆ: ಸೀರಂಗೆ ಮೊದಲು ಗುರುತಿಲ್ಲದ ಹಿಸ್ಟೋನ್ ಬೆರೆಸಿ, ತಳಕ್ಕಿಳಿದದ್ದನ್ನು ಬಿಟ್ಟು ಮೇಲುಳಿದದ್ದನ್ನು ಇಟ್ಟುಕೊಂಡೆ. ಪ್ರತಿಕಾಯ ಅಂಟಿದರೆ ಕಂದಾಗುವ ಪರೀಕ್ಷೆಯ ಪಟ್ಟಿಗಳಲ್ಲಿ ಗುರುತಿಲ್ಲದ ಹಿಸ್ಟೋನಿನದು ಬೆಳ್ಳಗೇ ಉಳಿಯಿತು. ಗುರುತಿರುವುದರ ಮೇಲೆ ಒಂದು ಕಂದು ಗೆರೆ, ನಿದ್ದೆಯಿಂದ ಎದ್ದಂತೆ, ನಿಧಾನವಾಗಿ ಮೂಡಿತು. ಅಪ್ಪನನ್ನು ಓಣಿಯ ಅಂಗಡಿಯ ಫೋನಿಗೆ ಕರೆಸಿ ಹೇಳಿದೆ. ಏನು ತಿಳಿಯಿತೋ ಏನೋ, ಕೇಳಿದ:

"ಮೊಲ ಉಂಡೈತೇನವ್ವಾ?"

ಸಂತೆಗೆ ಹೋಗಿ ಒಂದು ಸಿವುಡು ಮೆಂತ್ಯ ಸೊಪ್ಪು ತಂದು ಮೊಲದ ಮುಂದಿಟ್ಟೆ. ಮೊಲ ತಿನ್ನುತ್ತಿತ್ತು. ನಾನು ಅದರ ಪಕ್ಕ ಕೂತು ಅತ್ತೆ.