ಶನಿವಾರದ ಹೋಂ ಗಾರ್ಡ್

ಒಂದೇ ಒಂದು ಪದದ ಮೇಲೆ ಇಷ್ಟು ವರ್ಷ ಸಿಟ್ಟು ಇಟ್ಟುಕೊಳ್ಳುವವರು ಯಾರಾದರೂ ಇದ್ದಾರಾ? ಇದ್ದಾರೆ, ನಾನಿದ್ದೇನೆ. ಆ ಪದ ‘ಹೋಂ ಗಾರ್ಡ್’.

ಎರಡು ಸಾವಿರದ ನಂತರದ ಮೊದಲ ದಶಕ. ನಾನು ಸ್ಟಾಕ್‌ಹೋಮಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೆ. ಅದಕ್ಕೆ ಸೇರುವ ಮೊದಲೇ ಹಟ ಹಿಡಿದು ಸೇನಾ ತರಬೇತಿ ಮುಗಿಸಿದ್ದೆ. ಪೂರ್ತಿ ಬಿಟ್ಟುಬಿಡಲು ಮನಸ್ಸು ಬಾರದೆ, ವಾರವಿಡೀ ತಮ್ಮ ತಮ್ಮ ಕೆಲಸ ಮಾಡಿಕೊಂಡು ಕೆಲವು ಶನಿವಾರ ಭಾನುವಾರ ಮಾತ್ರ ಸಮವಸ್ತ್ರ ತೊಡುವವರ ದಳಕ್ಕೆ ಸಹಿ ಹಾಕಿದೆ. ಅದರ ಸ್ವೀಡಿಷ್ ಹೆಸರಿಗೆ ‘ಮನೆ ಕಾಯುವ ಪಡೆ’ ಎಂದರ್ಥ. ಸೋಡರ್‌ಟೆಲ್ಯೆಯಲ್ಲಿ ಟ್ರಕ್ ಕಾರ್ಖಾನೆಯ ಎಂಜಿನಿಯರ್ ಆಗಿದ್ದ ಅಪ್ಪ ಅದನ್ನು ಕೇಳಿದ್ದೇ ತಡ, ಇಂಗ್ಲಿಷಿಗೆ ತಿರುಗಿಸಿಬಿಟ್ಟರು.

“ಹೋಂ ಗಾರ್ಡಾ? ಎಂತ ಮಾರಾಯ್ತಿ, ಮಂಗಳೂರಿನ ಸರ್ಕಲ್ಲಲ್ಲಿ ಸೀಟಿ ಊದ್ತಾರಲ್ಲ, ಅವರಾ?”

ಮುಗಿಯಿತು ಕಥೆ. ಇಲ್ಲಿ ಮನೆ ಎಂದರೆ ದೇಶ, ನಮಗೂ ಬಂದೂಕು ಕೊಡುತ್ತಾರೆ, ಯುದ್ಧವಾದರೆ ಸೇತುವೆ ಕಾಯುವವರು ನಾವೇ ಎಂದು ಎಷ್ಟು ಬಡಕೊಂಡರೂ ಅಪ್ಪನ ತಲೆಯೊಳಗೆ ಖಾಕಿ ತೊಟ್ಟು ಬಸ್ಸಿಗೆ ಕೈ ತೋರಿಸುತ್ತಿದ್ದವನು ಅಲುಗಾಡಲಿಲ್ಲ. ಹಾಗೆ ನೋಡಿದರೆ ಅವನದಾದರೂ ಏನು ತಪ್ಪು, ಪಾಪ? ಬಿಸಿಲಲ್ಲಿ ನಿಂತು ದುಡಿಯುತ್ತಾನೆ. ಅದನ್ನೂ ಹೇಳಿದೆ. ಅಪ್ಪ ಟೀವಿಯ ಸೌಂಡು ಜಾಸ್ತಿ ಮಾಡಿದರು.

ನನಗೆ ಬೇಕಾಗಿದ್ದದ್ದು ಒಂದೇ. ಬೇಸಿಗೆ ಶುರುವಾಗುವ ಹೊತ್ತಿಗೆ ದಳದವರು ಎಲ್ಲರ ಮನೆಯವರನ್ನು ಒಂದು ಶನಿವಾರ ಕರೆಯುತ್ತಿದ್ದರು. ಎಸ್ಕಿಲ್‌ಸ್ಟುನಾ ಕಡೆಯ ಒಂದು ಬಯಲಿನಲ್ಲಿ ಕವಾಯತು, ಆಮೇಲೆ ಕಾಫಿ, ದಾಲ್ಚಿನ್ನಿ ಬನ್ನು. ಅಪ್ಪ ಬಂದು ನಾನು ಸಾಲಿನಲ್ಲಿ ನಿಂತದ್ದನ್ನು ಕಣ್ಣಾರೆ ನೋಡಬೇಕು. ಒಮ್ಮೆ ನೋಡಿದರೆ ಆ ಸೀಟಿಯವನು ಅವರ ತಲೆಯಿಂದ ಇಳಿದು ಹೋದಾನು ಎಂದುಕೊಂಡಿದ್ದೆ.

“ಮೊದಲು ಆ ಕಂಟ್ರೋಲ್ ಥಿಯರಿ ಪಾಸ್ ಮಾಡು. ಆಮೇಲೆ ನೋಡುವ.”

“ಪಾಸ್ ಮಾಡಿದ್ರೆ ಬರ್ತೀರಾ?”

“ಬರ್ತೇನೆ ಅಂದೆನಲ್ಲ!”

ಅಂದಿರಲಿಲ್ಲ. ಆದರೂ ಮಾತು ಕೊಟ್ಟರು ಎಂದೇ ನಾನು ಹಿಡಿದುಕೊಂಡೆ.

ಆ ವಿಷಯದಲ್ಲಿ ಆಗಲೇ ಒಮ್ಮೆ ಡುಮ್ಕಿ ಹೊಡೆದಿದ್ದೆ. ಮರುಪರೀಕ್ಷೆ ಸೋಮವಾರ, ಅದರ ಹಿಂದಿನ ಶನಿವಾರ ಭಾನುವಾರ ಕಾಡಿನಲ್ಲಿ ಅಭ್ಯಾಸ. ಮೇಷ್ಟ್ರನ್ನು ಕೇಳಿದರೆ, ತಾರೀಖು ಬದಲಾಗುವುದಿಲ್ಲ, ಬೇಕಿದ್ದರೆ ಆಗಸ್ಟಿನಲ್ಲಿ ಬರಿ ಎಂದರು. ನಮ್ಮ ದಳದ ನಾಯಕ ವಾರವಿಡೀ ಜನರ ಮನೆಯ ನಲ್ಲಿ ರಿಪೇರಿ ಮಾಡುವವನು. ಅವನನ್ನು ಕೇಳಿದರೆ, ಸಹಿ ಹಾಕಿದ್ದೀಯಲ್ಲ, ಬಾ ಎಂದ. ಕೊನೆಗೆ ಇಬ್ಬರೂ ಸೇರಿಸಿದ್ದು ಒಂದೇ ಮಾತು. “ದೆ ಲೋಸೆರ್ ಸೇ.” ಅದು ತಾನಾಗಿ ಸರಿಹೋಗುತ್ತದೆ. ಕೈ ತೊಳೆದುಕೊಳ್ಳುವಾಗ ಈ ದೇಶದವರ ಬಾಯಲ್ಲಿ ಬರುವ ಮಾತು. ತಾನಾಗಿ ಏನು ಸರಿಹೋಗುತ್ತದೆ, ಮಣ್ಣು! ಯಾರಾದರೊಬ್ಬರು ಒದ್ದಾಡಿದರೆ ಸರಿಹೋಗುತ್ತದೆ. ಆ ಸಲ ಒದ್ದಾಡಿದ್ದು ನಾನು.

ನಕ್ಷೆ ಇಟ್ಟುಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲಿ, ನಕ್ಷೆಯ ಹಿಂಬದಿಗೆ ಸೂತ್ರಗಳ ಹಾಳೆ ತುರುಕಿಕೊಂಡು ಹೋದೆ. ಲಾರಿಯ ಹಿಂದೆ ಕುಳಿತು, ಪೈನ್ ಮರಕ್ಕೆ ಒರಗಿ, ಊಟದ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಬಾಯಿಪಾಠ ಮಾಡಿದೆ. ನಾಯಕ ಒಮ್ಮೆ ದಾರಿ ಕೇಳಿದಾಗ ಅವಸರದಲ್ಲಿ ಚೀಲದ ತಪ್ಪು ಮಗ್ಗುಲು ಮುಂದೆ ಹಿಡಿದೆ. ಅವನು ಗಂಭೀರವಾಗಿ ಬಗ್ಗಿ ನೋಡಿ, “ಇದರಲ್ಲಿ ಕೆರೆ ಎಲ್ಲಿದೆ?” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ.

ಪಾಸಾದೆ. ಫೋನ್ ಮಾಡಿದರೆ ಅಪ್ಪ “ಗುಡ್, ಗುಡ್” ಎಂದರು. ಶನಿವಾರದ ನೆನಪು ಮಾಡಿದೆ. “ಹೂಂ, ಹೂಂ” ಎಂದರು.

ಆ ಶನಿವಾರ ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇತ್ತು. ಅವಳು ಮೊದಲೇ ಹೇಳಿದ್ದಳು. ಉಳಿದವರ ಅಪ್ಪ ಅಮ್ಮ, ಅಜ್ಜಿಯರು ನಾಯಿ ಸಮೇತ ಬಂದಿದ್ದರು. ಸಾಲಿನಲ್ಲಿ ನಿಂತಾಗ ತಲೆ ತಿರುಗಿಸುವಂತಿಲ್ಲ. ಕಣ್ಣು ಮಾತ್ರ ಜಲ್ಲಿ ರಸ್ತೆಯ ಕಡೆ ಹೊರಳಿಸಿ ಹೊರಳಿಸಿ ನೋವು ಬಂತು. ಎಲ್ಲ ಮುಗಿದ ಮೇಲೆ ನಾಯಕ ಏನೂ ಕೇಳದೆ ಎರಡು ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟ. “ಒಂದು ನಿನ್ನ ಅಪ್ಪನಿಗೆ” ಎಂದ. ಅವನು ಕೇಳಿದ್ದರೇ ಒಳ್ಳೆಯದಿತ್ತು, ಎರಡು ಮಾತು ಬೈದು ಹಗುರಾಗುತ್ತಿದ್ದೆ.

ಅಷ್ಟರಲ್ಲಿ ಅಪ್ಪನದೇ ಫೋನು. “ಸೋಲ್ನಾದಲ್ಲಿ ನಮ್ಮ ಕನ್ನಡದವರ ಊಟ ಉಂಟಲ್ಲ, ಕುರ್ಚಿ ಹಾಕ್ಲಿಕ್ಕೆ ಜನ ಇಲ್ಲ ಅಂತ ಕರೆದ್ರು. ಇಲ್ಲ ಅನ್ಲಿಕ್ಕೆ ಆಗ್ಲಿಲ್ಲ. ನೀನೂ ಸೀದಾ ಇಲ್ಲಿಗೇ ಬಾ. ಆ ಬಟ್ಟೆ ಬದಲಿಸಿಕೊಂಡು ಬಾ, ಆಯ್ತಾ?”

ಮೈಯೆಲ್ಲ ಉರಿಯಿತು. ರೈಲಿನ ಶೌಚಾಲಯದಲ್ಲಿ ಬಟ್ಟೆ ಬದಲಿಸಿದೆ. ಬೇರೆ ಚಪ್ಪಲಿ ಇರಲಿಲ್ಲವಾದ್ದರಿಂದ ಮಣ್ಣು ಮೆತ್ತಿದ ಬೂಟಿನಲ್ಲೇ ಉಳಿದೆ. ಅಪ್ಪನ ಪಾಲಿನ ಬನ್ನನ್ನೂ ನಾನೇ ತಿಂದೆ.

ಊಟದ ಹಾಲ್‌ನ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳ ನಡುವೆ ಬೂಟು ಕಳಚಿ ಒಳಗೆ ಹೋದೆ. ಅಪ್ಪ ಎದುರು ಬಂದು, ಹೋಗು ಊಟ ಮಾಡು ಎಂದು ನನ್ನನ್ನು ಒಳಗೆ ಕಳಿಸಿ, ತಾವು ಬಾಗಿಲ ಕಡೆ ಹೋಗಿ ಬಂದರು. ಬೆಂಗಳೂರಿನ ಆಂಟಿಯೊಬ್ಬರು ಪಕ್ಕದಲ್ಲಿ ಕೂರಿಸಿಕೊಂಡರು.

“ಬಾ ಪುಟ್ಟಾ! ಶನಿವಾರ ಬಂದ್ರೆ ಲೈಬ್ರರೀಲೇ ಇರ್ತಾಳೆ ಅಂತ ನಿಮ್ಮಪ್ಪ ಈಗಷ್ಟೇ ಹೇಳ್ತಿದ್ರು. ನಮ್ಮವಳಿಗೂ ಸ್ವಲ್ಪ ಬುದ್ಧಿ ಹೇಳಮ್ಮ.”

ಲೈಬ್ರರಿ! ಎದುರಿಗೆ ಕುಳಿತ ಅಪ್ಪ ಮೊಸರನ್ನದಲ್ಲಿ ಕರಿಬೇವು ಹುಡುಕುತ್ತಿದ್ದರು.

“ಲೈಬ್ರರಿ ಅಲ್ಲ ಆಂಟಿ,” ಅಂದೆ, ಬೇಕೆಂದೇ ಅಪ್ಪನ ಪದ ಎತ್ತಿಕೊಂಡು. “ನಾನು ಹೋಂ ಗಾರ್ಡ್.”

ಆಂಟಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯಯ್ಯೋ! ಏನ್ ತಮಾಷೆ ಮಾಡ್ತಾಳ್ರೀ ನಿಮ್ಮ ಮಗಳು! ಟ್ರಾಫಿಕ್ ನಿಲ್ಲಿಸ್ತೀಯೇನೇ?” ಎಂದು ಬಸ್ಸು ತಡೆಯುವಂತೆ ಕೈ ಮೇಲೆತ್ತಿದರು. ಇಡೀ ಮೇಜು ನಕ್ಕಿತು. ನಾನು ಅಪ್ಪನ ಮುಖ ನೋಡಿದೆ. ‘ತಮಾಷೆ ಅಲ್ಲ’ ಎಂದಿದ್ದರೆ ಸಾಕಿತ್ತು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು.

ಹೊರಡುವಾಗ ಬಾಗಿಲಲ್ಲಿ ನನ್ನ ಬೂಟು ಕಾಣಲಿಲ್ಲ. ಬಗ್ಗಿ ಹುಡುಕುತ್ತಿದ್ದೆ. ಅಪ್ಪ ನೇತು ಹಾಕಿದ ಕೋಟುಗಳ ಹಿಂದೆ ಕೈ ಹಾಕಿ, ಎರಡನ್ನೂ ಸೀದಾ ತೆಗೆದು ಕೊಟ್ಟರು.