ಸಂತೆ ಬಯಲಿನ ಜೋಕಾಲಿ

ರಾಮದುರ್ಗಕ್ಕೆ ನನಗೆ ವರ್ಗವಾದ ವರ್ಷ ದೊಡ್ಡ ಮಗಳಿಗೆ ಏಳು, ಚಿಕ್ಕವಳಿಗೆ ನಾಲ್ಕು. ತೊಂಬತ್ತರ ದಶಕ ಆಗಲೇ ಅರ್ಧ ಕಳೆದಿತ್ತು. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮ್ಮ ಮನೆಯವರು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್. ವಾರಕ್ಕೊಮ್ಮೆ, ಕೆಲಸ ಹೆಚ್ಚಿದ್ದರೆ ಹದಿನೈದು ದಿನಕ್ಕೊಮ್ಮೆ ಬಂದುಹೋಗುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಬಂದಾಗ ಅತ್ತೆ ಚಚಡಿ ಹತ್ತಿರದ ಊರಿನ ಹೊಲ-ಮನೆಯನ್ನು ಹಿರಿಯ ಮಗನಿಗೆ ಬಿಟ್ಟು, ಎರಡು ಸೀರೆಯ ಗಂಟು ಕಟ್ಟಿಕೊಂಡು ನನ್ನ ಜೊತೆ ಬಸ್ ಹತ್ತಿದರು. ಆಗ ಅವರಿಗೆ ಅರವತ್ತರ ಹತ್ತಿರ. ಶಾಲೆಯ ಮುಖ ಕಂಡವರಲ್ಲ.

ನಮಗೆ ಸಿಕ್ಕಿದ್ದು ಎರಡು ಕೋಣೆಯ ಬಾಡಿಗೆ ಮನೆ. ಮೇಲೆ ಕಲ್ಲುಹಾಸಿನ ಮಾಳಿಗೆ. ಹೋಳಿಹುಣ್ಣಿಮೆ ಕಳೆಯಿತೆಂದರೆ ಆ ಕಲ್ಲು ಕಾಯಲು ಶುರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಕುಳಿತವರ ನೆತ್ತಿಯ ಮೇಲೆ ಯಾರೋ ಬಿಸಿ ರೊಟ್ಟಿ ಇಟ್ಟಂತೆ ಆಗುತ್ತಿತ್ತು. ಹಿತ್ತಿಲಿರಲಿಲ್ಲ. ಬಾಗಿಲು ತೆರೆದರೆ ರಸ್ತೆ, ರಸ್ತೆಯ ತುಂಬ ಟ್ರ್ಯಾಕ್ಟರು. ಇಬ್ಬರೂ ಮಕ್ಕಳು ಒಳಗೇ ಇದ್ದು ಇದ್ದು, ಒಬ್ಬರ ಕೂದಲು ಒಬ್ಬರು ಹಿಡಿದೆಳೆಯುವ ಮಟ್ಟಕ್ಕೆ ಬಂದರು. ಮಕ್ಕಳು ಆಡುವ ಒಂದು ಜಾಗ ಬೇಕು, ಅಷ್ಟೇ. ಅದನ್ನು ಹುಡುಕುವುದು ಅಷ್ಟು ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ.

ಮೊದಲು ಕರೆದುಕೊಂಡು ಹೋದದ್ದು ಮನೆಗೆ ಹತ್ತಿರದ ಒಂದು ಅಂಗಳಕ್ಕೆ. ಅಲ್ಲಿ ತಗಡಿನ ಜಾರುಬಂಡಿ ಇತ್ತು. ಸಂಜೆ ನಾಲ್ಕೂವರೆ. ಬಿಸಿಲು ಇಳಿದಿದೆ ಅಂದುಕೊಂಡು ಚಿಕ್ಕವಳನ್ನು ಮೇಲೆ ಹತ್ತಿಸಿ ಬಿಟ್ಟೆ. ಅವಳು ಅರ್ಧ ಜಾರುವಷ್ಟರಲ್ಲಿ ಚಿಟ್ಟನೆ ಚೀರಿದಳು. ತೊಡೆಯ ಹಿಂಭಾಗ ಕೆಂಪಗೆ ಬೊಬ್ಬೆ ಎದ್ದಿತ್ತು. ಮನೆಗೆ ಬಂದ ಮೇಲೆ ಅತ್ತೆ ಲೋಳೆಸರ ಸೀಳಿ ಹಚ್ಚಿದರು. ನನ್ನನ್ನು ಬೈಯುವರೆಂದು ಕಾದೆ. ಬೈಯಲಿಲ್ಲ.

“ಹಂಚಿನ ಮ್ಯಾಲ ಕೂಸಿನ ಕುಂಡ್ರಿಸಿದಂಗ ಆತು ನೋಡವಾ. ತಪ್ಪು ನಿಂದಲ್ಲ. ಆದರ ಇನ್ನ ಮುಂದ ಕೈ ಇಟ್ಟು ನೋಡಿ ಬಿಡೂಣು,” ಅಂದರು.

ಆಮೇಲೆ ರವಿವಾರಗಳ ತಿರುಗಾಟ ಶುರುವಾಯಿತು. ಒಂದು ಸಲ ಸವದತ್ತಿಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ನವಿಲುತೀರ್ಥಕ್ಕೆ ಹೋದೆವು. ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ಆ ಕಟ್ಟೆಯನ್ನು ನೋಡಿ ಮಕ್ಕಳು ಕಂಬಿ ಹಿಡಿದು ಜಿಗಿದಾಡಿದರು. ನೀರಿನ ಮೇಲಿಂದ ಬರುವ ಗಾಳಿಗೆ ಮೈ ಒಡ್ಡಿ ನಿಂತುಕೊಂಡು ಅತ್ತೆ, “ಇಷ್ಟು ನೀರು ಇಲ್ಲೇ ಇದ್ದು ನಾವು ಅಲ್ಲಿ ಬೇಯಾಕತ್ತೇವಲ್ಲ!” ಅಂತ ನಕ್ಕರು. ಇನ್ನೊಂದು ಸಲ ಮನೆಯವರು ನಮ್ಮನ್ನು ಕಿತ್ತೂರಿಗೆ ಕರೆದುಕೊಂಡು ಹೋದರು. ಕೋಟೆಯೊಳಗೆ ಮಕ್ಕಳು ಮುರಿದ ಗೋಡೆಗಳ ಹಿಂದೆ ಅಡಗಿ ಕಣ್ಣಾಮುಚ್ಚಾಲೆ ಆಡಿದರು. ಎಲ್ಲರೂ ಕೋಟೆ ನೋಡುತ್ತಿದ್ದರೆ ಅತ್ತೆ ನೋಡಿದ್ದು ನೆರಳು. ಅಷ್ಟು ದಪ್ಪ ಗೋಡೆಯ ಬುಡದಲ್ಲಿ ಮಧ್ಯಾಹ್ನ ಎರಡು ಗಂಟೆಗೂ ಮಣ್ಣು ತಣ್ಣಗಿತ್ತು. ಅಂಗೈ ಊರಿ ಕುಳಿತು, ನೆರಳು ಎಷ್ಟು ಹೊತ್ತಿಗೆ ಎಲ್ಲಿಗೆ ಸರಿಯುತ್ತದೆಂದು ಕಡ್ಡಿಯಿಂದ ಗೆರೆ ಎಳೆಯುತ್ತಿದ್ದರು. ಹೊಲದಲ್ಲಿ ಬುತ್ತಿ ಇಡಲು ಜಾಗ ನೋಡುವ ಹೆಂಗಸಿಗೆ ಅದು ರೂಢಿಯ ಕೆಲಸ. ನನಗೆ ಮಾತ್ರ ಹೊಸದು.

ಕಿತ್ತೂರಿನಿಂದ ಮರಳಿ ಬರುವಾಗ ಬಸ್ಸಿನಲ್ಲಿ ಚಿಕ್ಕವಳು ಎರಡು ಸಲ ವಾಂತಿ ಮಾಡಿಕೊಂಡಳು. ಮನೆ ಮುಟ್ಟುವಾಗ ಎಲ್ಲರೂ ಹಿಂಡಿದ ಅರಿವೆಯಂತಾಗಿದ್ದೆವು. ಕಾಲು ತೊಳೆದುಕೊಳ್ಳುತ್ತ ಅತ್ತೆ ಹೇಳಿದರು:

“ನೋಡು ತಂಗಿ, ಆಟ ಅಂದ್ರ ಊಟ ಇದ್ದಂಗ. ದಿನಾ ಬೇಕು. ವಾರಕ್ಕೊಮ್ಮಿ ಹೋಳಿಗಿ ಉಂಡ್ರ ಹೊಟ್ಟಿ ತುಂಬತೈತೇನು? ಈ ಊರಾಗನ ಹುಡುಕಬೇಕು.”

“ಈ ಊರಾಗ ಎಲ್ಲೈತ್ರಿ ಅತ್ತಿ? ಎಲ್ಲಾ ನೋಡೇವಲ್ಲ,” ಅಂದೆ.

“ನೀ ಜಾರಬಂಡಿ ಹುಡುಕಿದಿ. ನಾ ಗಿಡ ಹುಡಕತೇನಿ.”

ಮರುದಿನದಿಂದಲೇ ಹೊರಟರು. ನಾನು ಶಾಲೆಯಿಂದ ಬಂದು ಮಕ್ಕಳ ಹತ್ತಿರ ಕುಳಿತ ಮೇಲೆ, ಸೆರಗು ತಲೆ ತುಂಬ ಹೊದ್ದು, ಒಂದೊಂದು ದಿನ ಒಂದೊಂದು ದಿಕ್ಕಿಗೆ ನಡೆದು ಹೋಗಿ ಬರುತ್ತಿದ್ದರು. ಬಂದು ವರದಿ ಒಪ್ಪಿಸುತ್ತಿದ್ದರು. ಒಂದು ಕಡೆ ಆಲದ ಮರ ಚಂದ ಇದೆ, ಆದರೆ ಬುಡದಲ್ಲಿ ಇಸ್ಪೀಟು ಆಡುವವರು. ಇನ್ನೊಂದು ಕಡೆ ಹುಣಸೆ ಮರ, ಪಕ್ಕದಲ್ಲೇ ಬಾಯ್ದೆರೆದ ಬಾವಿ. ಐದನೆಯ ದಿನವೋ ಆರನೆಯ ದಿನವೋ ಬಂದವರು ಚಹಾ ಸಹ ಕುಡಿಯದೆ ಮಕ್ಕಳಿಗೆ ಚಪ್ಪಲಿ ಹಾಕತೊಡಗಿದರು.

“ಸಿಕ್ಕೈತಿ! ಏಳು ಬೇವಿನಗಿಡ ಸಾಲಾಗಿ ಅದಾವು. ಬಯಲು ಐತಿ, ಗಾಳಿ ಐತಿ, ದನಕ್ಕ ಕುಡ್ಯಾಕ ಕಟ್ಟಿಸಿದ ನೀರಿನ ತೊಟ್ಟಿ ಐತಿ.”

“ದನಕ್ಕ ಅಂದ್ರ?”

“ದನದ ಸಂತಿ ನಡಿಯೂ ಜಾಗ.”

ನನ್ನ ಮುಖ ಸಣ್ಣದಾಯಿತು. ಇಂದು ಹೇಳಿಕೊಳ್ಳಲು ನಾಚಿಕೆಯಾದರೂ ನಿಜ ಇದು: ಟೀಚರ ಮಕ್ಕಳು ದನದ ಸಂತೆಯಲ್ಲಿ ಆಡುತ್ತಾರೆಂದು ಜನ ಏನಂದಾರು ಎಂಬುದೇ ನನಗೆ ಮೊದಲು ಹೊಳೆದದ್ದು. ಅಲ್ಲಿ ಸಗಣಿ, ಗಂಜಳ, ನೊಣ ಎಂದು ನೆಪ ತೆಗೆದೆ. ಅತ್ತೆ ನನ್ನನ್ನೇ ನೋಡಿದರು. “ಸಗಣಿ ಕಂಡ್ರ ನಿನಗ ಹೇಸಿಗಿ ಯಾವಾಗಿಂದ? ನಿಮ್ಮ ಅಪ್ಪನ ಮನ್ಯಾಗ ಎಂಟು ಎಮ್ಮಿ ಇದ್ದವಲ್ಲ,” ಅಂದರು. ನಾನು ಹಿಂದೆ ನಡೆದೆ.

ಸಂತೆ ವಾರಕ್ಕೆ ಒಂದೇ ದಿನ. ಉಳಿದ ದಿನ ಆ ಬಯಲು ಖಾಲಿ. ಬಾಗಿಲ ಹತ್ತಿರ ಒಬ್ಬ ಕಾವಲುಗಾರ, ಬೀಡಿ ಸೇದುತ್ತ ಕುಳಿತಿದ್ದವನು, ನಮ್ಮನ್ನು ಕಂಡು ಎದ್ದು ಬಂದ.

“ಇಲ್ಲಿ ಹುಡುಗೂರನ ಬಿಡಾಂಗಿಲ್ರಿ ಅಮ್ಮಾರ. ಬಿದ್ದು ಗಿದ್ದು ಪೆಟ್ಟು ಮಾಡಿಕೊಂಡ್ರ ಯಾರು ಜವಾಬ್ದಾರಿ?”

“ಬಿದ್ದರ ನಾ ಎತ್ತತೇನಪಾ. ನಿನಗೇನು ತ್ರಾಸು ಇಲ್ಲ,” ಅಂದರು ಅತ್ತೆ.

“ಹಂಗಲ್ರಿ, ಇಲ್ಲಿ ನೆಗ್ಗಿಲಮುಳ್ಳು ಭಾಳ.”

“ಮುಳ್ಳು ಹಸನ ಮಾಡಿದರ ಬಿಡತೀಯೇನು?”

ಅವನು ನಕ್ಕು, ಮತ್ತೆ ಬೀಡಿ ಹಚ್ಚಿಕೊಂಡು ಹೋಗಿ ಕುಳಿತ. ಮರುದಿನ ಬೆಳಗ್ಗೆ ಐದೂವರೆಗೆ ಅತ್ತೆ ಅಲ್ಲಿದ್ದರು. ಒಂದು ಜಾಲಿಯ ಟೊಂಗೆಗೆ ಕಲ್ಲು ಕಟ್ಟಿ, ಕುಂಟೆ ಹೊಡೆದಂತೆ ನೆಲದ ಮೇಲೆ ಎಳೆಯುತ್ತ, ಮರದಿಂದ ಮರಕ್ಕೆ ನಡೆದರು. ಮುಳ್ಳೆಲ್ಲ ಟೊಂಗೆಗೆ ಸಿಕ್ಕಿ ಬರುತ್ತಿತ್ತು. ಮೂರು ದಿನ ಹೀಗೇ ಮಾಡಿದರು. ನಾಲ್ಕನೆಯ ದಿನ ಅದೇ ಕಾವಲುಗಾರ ಅವರ ಕೈಯಿಂದ ಟೊಂಗೆ ಇಸಿದುಕೊಂಡು, “ಬಿಡ್ರಿ ಯವ್ವಾ, ನಾ ಎಳೀತೇನಿ,” ಅಂದನಂತೆ.

ಊರಿಂದ ಭಾವ ಹಳೆಯ ಬಾವಿಹಗ್ಗವನ್ನು ಬಸ್ಸಿನಲ್ಲಿ ಕಳಿಸಿಕೊಟ್ಟರು. ಅತ್ತೆ ಮೂರನೆಯ ಬೇವಿನ ಟೊಂಗೆಗೆ, ತೊಗಟೆ ಸವೆಯದಂತೆ ಗೋಣಿಚೀಲ ಸುತ್ತಿ, ಕಾವಲುಗಾರನಿಂದ ಹಗ್ಗ ಬಿಗಿಸಿದರು. ಗಂಟು ಮಾತ್ರ ತಾವೇ ಹಾಕಿದರು. ಮೊದಲು ತಾವೇ ಕುಳಿತು, ಪೂರ್ತಿ ಭಾರ ಬಿಟ್ಟು, ನಾಲ್ಕು ಸಲ ಜೀಕಿ ನೋಡಿ, ಆಮೇಲೆ ಮೊಮ್ಮಕ್ಕಳನ್ನು ಕೂರಿಸಿದರು. ಬೆಳಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ದೀಪ ಹಚ್ಚುವವರೆಗೆ. ಬೇಸಿಗೆಯಲ್ಲಿ ಬೇವು ಚಿಗುರಿ, ಹೂ ಬಿಟ್ಟು, ಕೆಳಗೆಲ್ಲ ಬಿಳಿ ಹಾಸಿದಂತಿರುತ್ತಿತ್ತು. ಆ ಹೂವಿನ ಮೇಲೆ ಮಕ್ಕಳು ಬರಿಗಾಲಲ್ಲಿ ಓಡಿದರು.

ವಾರದೊಳಗೆ ನಮ್ಮ ಓಣಿಯ ಮಕ್ಕಳು ಬಂದರು. ಅವರ ಹಿಂದೆ ಅವರ ತಾಯಂದಿರು. ಸಂತೆಗೂ ಗುಡಿಗೂ ಬಿಟ್ಟರೆ ಹೊರಗೆ ಕುಳಿತು ಗೊತ್ತಿರದ ಹೆಂಗಸರು, ಚುರುಮುರಿ ಕಟ್ಟಿಕೊಂಡು ಬಂದು ಬೇವಿನ ಬುಡದಲ್ಲಿ ಕಾಲು ಚಾಚಿ ಕುಳಿತರು. ಪಂಚಮಿಯಲ್ಲದ ದಿನ ದೊಡ್ಡವರು ಜೋಕಾಲಿ ಹತ್ತುವುದೇ ಎಂದು ಒಬ್ಬಳು ಸೆರಗು ಕಚ್ಚಿ ನಕ್ಕಳು. “ಬಿಸಲಿಗೆ ಪಂಚಮಿ ಗೊತ್ತೈತೇನು? ಹತ್ತವಾ,” ಅಂದರು ಅತ್ತೆ. ಅವಳು ಹತ್ತಿದಳು. ಆಮೇಲೆ ನಾನೂ ಹತ್ತಿದೆ. ಎತ್ತರಕ್ಕೆ ಹೋದಾಗ ಬಯಲಿನ ಆಚೆಯ ರಸ್ತೆಯಲ್ಲಿ ನನ್ನ ತರಗತಿಯ ಹುಡುಗಿಯೊಬ್ಬಳು ತಂದೆಯ ಸೈಕಲ್ಲಿನ ಮೇಲೆ ಹೋಗುತ್ತಿದ್ದದ್ದು ಕಂಡಿತು. ಅವಳೂ ನನ್ನನ್ನು ಕಂಡಳು. ಮರುದಿನ ಶಾಲೆಯಲ್ಲಿ ಬಂದು ಮೆಲ್ಲಗೆ, “ಅಕ್ಕಾರ, ನಾನೂ ಬರಲ್ರಿ?” ಅಂತ ಕೇಳಿದಳು. ನಾನು ಹೆದರಿಕೊಂಡಿದ್ದ ಜನರ ಮಾತು ಅಷ್ಟೇ ಇತ್ತು.

ಒಂದು ಸಂಜೆ ಮಾತ್ರ ಎಲ್ಲ ಮುರಿಯಿತೆನಿಸಿತು. ಸಂತೆಗೆ ಇನ್ನೂ ಒಂದು ದಿನ ಇರುವಾಗಲೇ ವ್ಯಾಪಾರಿಯೊಬ್ಬ ಚಕ್ಕಡಿ ಹೊಡೆದುಕೊಂಡು, ಹಿಂದೆ ನಾಲ್ಕು ಎತ್ತು ಕಟ್ಟಿಕೊಂಡು ಬಂದಿದ್ದ. ದಪ್ಪ ಮೀಸೆಯ, ನನ್ನ ತಂದೆಯ ವಯಸ್ಸಿನ ಮನುಷ್ಯ. ಎತ್ತುಗಳನ್ನು ಸರಿಯಾಗಿ ಮೂರನೆಯ ಬೇವಿಗೇ ಕಟ್ಟಿ, ಜೋಕಾಲಿಯ ಹಗ್ಗವನ್ನು ಟೊಂಗೆಯ ಮೇಲಕ್ಕೆ ಎಸೆದಿದ್ದ. ಮಕ್ಕಳು ದೂರ ನಿಂತರು. ಚಿಕ್ಕವಳು ನನ್ನ ಸೆರಗು ಹಿಡಿದುಕೊಂಡಳು.

“ಇದು ದನದ ಸಂತಿ ಐತ್ರಿ, ಹುಡುಗೂರ ಸಂತಿ ಅಲ್ಲ,” ಅಂದ ಅವನು, ನಾವು ಏನೂ ಕೇಳುವ ಮೊದಲೇ.

ಮಾತು ಅವನದು ಸರಿಯೇ ಇತ್ತು. ನಾನು ಮಕ್ಕಳನ್ನು ಕರೆದುಕೊಂಡು ತಿರುಗಿದೆ. ಅತ್ತೆ ತಿರುಗಲಿಲ್ಲ. ಎತ್ತುಗಳ ಹತ್ತಿರ ಹೋಗಿ, ಒಂದರ ಕೊರಳು ಸವರಿ, ಬೆನ್ನ ಮೇಲೆ ಕೈಯಾಡಿಸುತ್ತ ಬಂದು, ಬಗ್ಗಿ ಕಾಲು ನೋಡಿದರು.

“ಯಪ್ಪಾ, ಇದರ ಗೊರಸು ಸೀಳೈತಿ. ಕಾದ ಡಾಂಬರಿನ ಮ್ಯಾಲ ಹೊಡಕೊಂಡು ಬಂದೀಯೇನು?”

ಅವನು ಬಂದು ಬಗ್ಗಿ ನೋಡಿದ. ಅವನಿಗೆ ಗೊತ್ತೇ ಇರಲಿಲ್ಲ. “ಹಾದ್ಯಾಗ ಕುಂಟಾಕತ್ತಿತ್ತು. ದಣಿವಿಗೆ ಅಂತ ತಿಳದಿದ್ದೆ,” ಅಂದ. ದನಿ ಇಳಿದಿತ್ತು.

ಅತ್ತೆ ದೊಡ್ಡ ಮಗಳನ್ನು ಮನೆಗೆ ಓಡಿಸಿ ಅರಿಸಿನ, ಎಣ್ಣೆ, ಹಳೆಯ ಅರಿವೆ ತರಿಸಿದರು. ತೊಟ್ಟಿಯ ನೀರಿನಿಂದ ತಾವೇ ಗೊರಸು ತೊಳೆದು, ಬಿಸಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿ ಕಟ್ಟಿದರು. ಎಣ್ಣೆ ಬಿಸಿ ಮಾಡಲು ಕಾವಲುಗಾರ ಮೂರು ಕಲ್ಲಿಟ್ಟು ಬೆಂಕಿ ಹಾಕಿದ. ಅಷ್ಟೂ ಹೊತ್ತು ವ್ಯಾಪಾರಿ ಎತ್ತಿನ ಮುಖ ಹಿಡಿದು ನಿಂತಿದ್ದ. ಎತ್ತು ಒಮ್ಮೆಯೂ ಒದೆಯಲಿಲ್ಲ. ಮುಗಿದ ಮೇಲೆ ಅವನು ನಾಲ್ಕೂ ಎತ್ತುಗಳನ್ನು ಬಿಚ್ಚಿ ಆರನೆಯ ಬೇವಿಗೆ ಕಟ್ಟಿದ. ಸಗಣಿ ಬಳಿದು ತೆಗೆದ. ಮೇಲೆ ಎಸೆದ ಹಗ್ಗವನ್ನು ಕೋಲಿನಿಂದ ಇಳಿಸಿ, ಬರಿ ಹಗ್ಗದ ಮೇಲೆ ಕುಳಿತು ಆಡುತ್ತಾರೆಂದು ಗೊತ್ತಾಗಿ, “ಮಕ್ಕಳ ತೊಡಿ ಕೊರಿಯೂದಿಲ್ಲೇನ್ರಿ?” ಅಂತ ಕೇಳಿದ. ಚಕ್ಕಡಿಯಿಂದ ಒಂದು ಹಲಗೆ ತೆಗೆದು, ಎರಡೂ ತುದಿಗೆ ಕುಡುಗೋಲಿನಿಂದ ಕಚ್ಚು ಹಾಕಿ, ಹಗ್ಗಕ್ಕೆ ಕೂರಿಸಿಕೊಟ್ಟ. ಚಿಕ್ಕವಳನ್ನು ಮೊದಲು ತೂಗಿದವನೂ ಅವನೇ.

ಆಮೇಲೆ ಸಂತೆಗೆ ಬಂದಾಗಲೆಲ್ಲ, “ಡಾಕ್ಟರ್ ಯವ್ವ ಎಲ್ಲಿ?” ಅಂತ ಕಾವಲುಗಾರನನ್ನು ಕೇಳುತ್ತಿದ್ದನಂತೆ. ಎರಡು ಬೇಸಿಗೆ ನಮ್ಮ ಮಕ್ಕಳು ಅಲ್ಲಿ ಬೆಳೆದರು. ಕೂದಲು ಹಿಡಿದು ಜಗಳಾಡುವುದು ತಾನಾಗಿ ನಿಂತಿತು. ಮನೆ ಮುಟ್ಟಿದರೆ ಉಂಡು ಮಲಗುತ್ತಿದ್ದರು.

ಮುಂದೆ ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಎರಡು ಸಾವಿರದ ಇಸವಿ ದಾಟಿತ್ತು. ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ನಾವಿದ್ದ ಬಡಾವಣೆಯಲ್ಲಿ ಒಂದು ಖಾಲಿ ಜಾಗವನ್ನು ಮಕ್ಕಳ ಉದ್ಯಾನ ಮಾಡಲು ತರುಣ ಇಂಜಿನಿಯರ್ ಒಬ್ಬರು ಅಳತೆ ಪಟ್ಟಿ ಹಿಡಿದು ಬಂದಿದ್ದರು. ಅತ್ತೆಗೆ ಆಗ ಮೊಣಕಾಲು ನೋವು. ಆದರೂ ಕೋಲೂರಿಕೊಂಡು ಹೋಗಿ ಅವರ ಪಕ್ಕ ನಿಂತರು. ನಾನೂ ಹಿಂದೆ ಹೋದೆ, ಏನಾದರೂ ಅಂದುಬಿಟ್ಟಾರೆಂಬ ಅಂಜಿಕೆಯಿಂದ.

“ಜಾರಬಂಡಿ ಎಲ್ಲಿ ಹಾಕತೀರಿ ಸಾಹೇಬ್ರ?”

ಅವರು ಪಡುವಣದ ಮೂಲೆ ತೋರಿಸಿದರು. ರಸ್ತೆಗೆ ಚೆನ್ನಾಗಿ ಕಾಣುತ್ತದೆ ಅಂದರು.

“ಕಾಣೂದು ರಸ್ತಾಕ್ಕ. ಕುಂದ್ರೂದು ಮಕ್ಕಳು. ಆ ಬೇವಿನಗಿಡದ ಮೂಡಣಕ್ಕ ಹಾಕ್ರಿ. ಸಂಜಿಮುಂದ ನೆಳ್ಳು ಅಲ್ಲೇ ಬೀಳತೈತಿ. ನಾಕು ಗಂಟೆಕ್ಕ ಬಂದು ನೋಡ್ರಿ ಬೇಕಾದರ.”

ಆ ತರುಣ ಒಳ್ಳೆಯವರು. ನಗಲಿಲ್ಲ. ಸಂಜೆ ನಾಲ್ಕಕ್ಕೆ ನಿಜವಾಗಿಯೂ ಬಂದರು. ಮರದ ಮೂಡಣಕ್ಕೆ ನಿಂತು, ನೆರಳಿನ ಅಂಚಿಗೆ ಸುಣ್ಣದಿಂದ ಗುರುತು ಹಾಕಿಸಿದರು. ನಂತರ ಅತ್ತೆಯ ಕಡೆ ತಿರುಗಿ, “ಮತ್ತೇನರ ಐತೇನ್ರಿ ಅಮ್ಮಾರ?” ಅಂದರು.

“ಐತ್ರಿ. ಮಕ್ಕಳ ಅವ್ವಗೋಳು ಎಲ್ಲಿ ಕುಂದ್ರಬೇಕು? ಅವ್ವ ಬರಲಿಲ್ಲಂದ್ರ ಮಕ್ಕಳು ಬರೂದಿಲ್ಲ.”

ಅವರು ಕಾಗದ ತೆಗೆದು ಬರೆದುಕೊಂಡರು. ಎಪ್ಪತ್ತರ ಹತ್ತಿರದ, ಹೆಬ್ಬೆಟ್ಟು ಒತ್ತುವ ಹೆಂಗಸು ಹೇಳುತ್ತಿದ್ದುದನ್ನು ಒಬ್ಬ ಇಂಜಿನಿಯರ್ ನಿಂತು ಬರೆದುಕೊಳ್ಳುತ್ತಿದ್ದುದನ್ನು ನಾನು ನೋಡುತ್ತ ನಿಂತೆ. ನಾನು ಕಲಿಸಿದ ಯಾವ ಪಾಠಕ್ಕೂ ಅಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ.

ಉದ್ಯಾನ ಆಯಿತು. ಜಾರುಬಂಡಿ ಮೂಡಣಕ್ಕೇ ಬಂತು. ಮೂರು ಕಲ್ಲಿನ ಬೆಂಚುಗಳೂ ಬಂದವು. ಒಂದರ ಮೇಲೆ ಕುಳಿತು ನಾನು ಎಷ್ಟೋ ಸಂಜೆ ಮಕ್ಕಳ ಉತ್ತರಪತ್ರಿಕೆ ತಿದ್ದಿದ್ದೇನೆ. ಪಕ್ಕದ ಬೆಂಚಿನಲ್ಲಿ ಅತ್ತೆ, ಯಾರದೋ ಕೂಸನ್ನು ಮಡಿಲಲ್ಲಿ ಹಾಕಿಕೊಂಡು, ಅದರ ತಾಯಿಗೆ ನೀನೂ ಒಂದು ಸಲ ಜಾರಿ ಬಾ ಎಂದು ಒತ್ತಾಯ ಮಾಡುತ್ತಿರುತ್ತಿದ್ದರು.