ಕಷಾಯ ಕುಡಿದು ತಿರುಗಿದ ಹೆದ್ದಾರಿ

ನಮ್ಮ ಶಿರಸಿಯ ಈ ಹೆದ್ದಾರಿ ಪೇಟೆಯೊಳಗೇ ಹುಟ್ಟಿ ಪೇಟೆಯೊಳಗೇ ಮುಗಿಯುತ್ತದೆ. ಅದರ ಒಂದೊಂದು ತಿರುವೂ ಯಾರೋ ದೊಡ್ಡವರ ಕಂಪೌಂಡಿಗೆ ಹೆದರಿ ಹುಟ್ಟಿದ್ದು. ಅಗಲ ಮಾಡಲು ಬಂದ ಎಂಜಿನಿಯರ್ ಮಾಣಿ ಮೊದಲು ಎದುರುಮನೆ ಹೆಗಡೇರ ಕಂಪೌಂಡಿಗೆ ಕೆಂಪು ಗೀಟು ಹಾಕಿದ. ಅವರು ಒಳಗೆ ಕರೆದು ಕಷಾಯ ಕೊಟ್ಟರು. ಲೋಟ ತಂದವಳು ಮಗಳು. ಹೊರಬಂದವನೇ ಆ ಗೀಟು ಅಳಿಸಿ, ನಾನು ಹೂ ಮಾರುವ ಜಗಲಿಗೆ ಹಾಕಿದ.

“ಎಂತದೋ ತಮಾ ಇದು?”

“ಅಳತೆ ತಪ್ಪಿತ್ತು ಅಜ್ಜಿ.”

ಮದುವೆಗೆ ಕೂಸು ಸಿಗದೆ ನಮ್ಮ ಮಾಣಿಗಳ ತಲೆ ನರೆಯುತ್ತಿರುವ ಕಾಲ. ಅಳತೆ ಎಲ್ಲಿ ತಪ್ಪಿತು ಅಂತ ನನಗೆ ತಿಳಿಯದೇ?

“ಆ ಕೂಸಿಗೆ ಮೊನ್ನೆ ಯಲ್ಲಾಪುರದಲ್ಲಿ ನಿಶ್ಚಿತಾರ್ಥ ಆತು, ಗೊತ್ತಿಲ್ಯ?” ಅಂದೆ.

ಮುಖ ಬಾಡಿತು. ಟೇಪು ಬಿಚ್ಚಿ ಮತ್ತೆ ಅಳೆದ. ಗೀಟು ಹೆಗಡೇರ ಕಂಪೌಂಡಿಗೇ ವಾಪಸ್ಸಾಯಿತು.

ನಿಶ್ಚಿತಾರ್ಥ ನಡೆದೇ ಇಲ್ಲ ಬಿಡಿ. ಹೆಗಡೇರು ಕಂಪೌಂಡು ಹೋಯಿತು ಅಂತ ಅಳುತ್ತಿದ್ದಾರೆ, ಅಳಿಯನೂ ಹೋದ ಅಂತ ಅವರಿಗಿನ್ನೂ ಗೊತ್ತಿಲ್ಲ.